ಗಡಿಯಾಚೆಯ ವಿಶ್ರಾಂತಿಧನ ಮತ್ತು ಮೂಲದಲ್ಲಿ ಮುರಿದುಕೊಳ್ಳುವ ತೆರಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತು ವರ್ಷ ಇಂಜಿನಿಯರರಾಗಿ ದುಡಿದು, ಈಗ ಮೈಸೂರಿಗೆ ಹಿಂದಿರುಗಿ ನೆಲಸಿರುವ ಹಿರಿಯರೊಬ್ಬರು ಈಚೆಗೆ ಒಂದು ಕಾಗದವನ್ನು ತಂದು ನನ್ನ ಮುಂದಿಟ್ಟರು. "ನೀವು ಹಳೆಯ ದಾಖಲೆಗಳನ್ನು ಓದುವವರು ಮೇಷ್ಟ್ರೇ, ಇದನ್ನೂ ಒಂದಿಷ್ಟು ಓದಿ ಹೇಳಿ" ಎಂದರು. ಅವರು ಅಲ್ಲಿ ಕೂಡಿಟ್ಟಿದ್ದ ನಿವೃತ್ತಿ ಖಾತೆಯಿಂದ ಆ ವರ್ಷದ ಖರ್ಚಿಗೆಂದು ಹತ್ತು ಸಾವಿರ ಡಾಲರುಗಳನ್ನು ತೆಗೆದಿದ್ದರು. ಕೈಗೆ ಬಂದುದು ಏಳು ಸಾವಿರ. ಉಳಿದ ಮೂರು ಸಾವಿರವನ್ನು ಖಾತೆಯನ್ನು ನೋಡಿಕೊಳ್ಳುವ ಸಂಸ್ಥೆಯು ಮುರಿದುಕೊಂಡು ಅಮೆರಿಕದ ಬೊಕ್ಕಸಕ್ಕೆ ಕಟ್ಟಿತ್ತು. "ಇದು ತೆರಿಗೆಯೋ, ದಂಡವೋ?" ಎಂಬುದು ಅವರ ಪ್ರಶ್ನೆ.

ಎರಡೂ ಅಲ್ಲವೆಂಬುದು ಈ ಲೇಖನದ ಉತ್ತರ. ಮುರಿದುಕೊಂಡ ಹಣ ತೆರಿಗೆಗಾಗಿ ಹಿಡಿದಿಟ್ಟುಕೊಂಡ ಒತ್ತೆಯೇ ಹೊರತು ತೆರಿಗೆಯ ಅಂತಿಮ ನಿರ್ಣಯವಲ್ಲ. ನಿಜವಾಗಿ ಸಲ್ಲಬೇಕಾದ ತೆರಿಗೆ ಎಷ್ಟು, ಅದು ಯಾವ ಸರ್ಕಾರಕ್ಕೆ ಸಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಬೇರೊಂದು ಪತ್ರ: ಭಾರತಕ್ಕೂ ಅಮೆರಿಕಕ್ಕೂ 1989ರಲ್ಲಿ ಆದ ಒಡಂಬಡಿಕೆ. ಒತ್ತೆಗೂ ತೆರಿಗೆಗೂ ನಡುವಣ ಈ ಅಂತರವನ್ನು ಅರಿಯದವರು ಹಣವನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ. ಮಕ್ಕಳೋ ಬಂಧುಗಳೋ ಹೊರದೇಶದಲ್ಲಿ ದುಡಿಯುತ್ತಿರುವ ಕುಟುಂಬಗಳು ನಮ್ಮ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಈಗ ಅಪರೂಪವಲ್ಲವಾದುದರಿಂದ, ವಿಷಯವು ಅರ್ಥಶಾಸ್ತ್ರ ವಿಭಾಗಕ್ಕೆ ಮಾತ್ರ ಸೇರಿದುದೆಂದು ಬಿಡುವಂತಿಲ್ಲ. ಮೇಲಾಗಿ ಈ ಮುರಿತದ ಪದ್ಧತಿಗೆ ಎರಡು ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಬಿಟ್ಟರೆ ನೂರಕ್ಕೆ ಮೂವತ್ತು ಎಂಬ ಅಂಕಿ ಎಲ್ಲಿಂದ ಬಂದಿತೆಂಬುದು ತಿಳಿಯುವುದಿಲ್ಲ.

ಮೊದಲು ಖಾತೆಯ ಸ್ವರೂಪವನ್ನು ಹೇಳಬೇಕು. ಅಮೆರಿಕದಲ್ಲಿ ಇವು ಮುಖ್ಯವಾಗಿ ಎರಡು ಬಗೆ. 1974ರ ಕಾಯಿದೆಯಿಂದ ಹುಟ್ಟಿದ, ವ್ಯಕ್ತಿ ತಾನೇ ತೆರೆಯುವ ಐ.ಆರ್.ಎ. ಖಾತೆ ಒಂದು. 1978ರ ವರಮಾನ ಕಾಯಿದೆಯು ಸೇರಿಸಿದ ಕಲಮಿನಿಂದ ಹೆಸರು ಪಡೆದ, ಕೆಲಸ ಕೊಟ್ಟವರ ಮೂಲಕ ನಡೆಯುವ 401ಕೆ ಖಾತೆ ಇನ್ನೊಂದು. ಎರಡರ ತತ್ತ್ವವೂ ಒಂದೇ. ದುಡಿಯುವ ಕಾಲದಲ್ಲಿ ಸಂಬಳದ ಒಂದು ಭಾಗ ತೆರಿಗೆಗೆ ಸಿಕ್ಕದೆ ಖಾತೆಗೆ ಹೋಗುತ್ತದೆ, ಅಲ್ಲಿ ವರ್ಷ ವರ್ಷವೂ ತೆರಿಗೆಯಿಲ್ಲದೆ ಬೆಳೆಯುತ್ತದೆ, ಮುಪ್ಪಿನಲ್ಲಿ ತೆಗೆಯುವಾಗ ಮಾತ್ರ ತೆರಿಗೆಗೆ ಗುರಿಯಾಗುತ್ತದೆ. ಸರ್ಕಾರವು ತೆರಿಗೆಯನ್ನು ಬಿಟ್ಟುಕೊಟ್ಟಿಲ್ಲ, ಮುಂದಕ್ಕೆ ಹಾಕಿದೆ. ತೆರಿಗೆ ಕಟ್ಟಿದ ಹಣವನ್ನೇ ಇಟ್ಟು, ನಿಯಮಾನುಸಾರ ತೆಗೆದಾಗ ಅಮೆರಿಕದ ತೆರಿಗೆಯಿಂದ ಪಾರಾಗುವ ರಾತ್ ಎಂಬ ಮೂರನೆಯ ಬಗೆಯೂ ಉಂಟು. ಅದರ ತೊಡಕುಗಳು ಬೇರೆಯವಾದುದರಿಂದ ಇಲ್ಲಿ ಎತ್ತಿಕೊಂಡಿಲ್ಲ.

ತೊಡಕು ಹುಟ್ಟುವುದು ಈ ಮುಂದೂಡಿಕೆಯಲ್ಲಿಯೇ. ಇಂದು ಬಿಟ್ಟ ತೆರಿಗೆಯನ್ನು ಮೂವತ್ತು ವರ್ಷಗಳ ಮೇಲೆ ವಸೂಲು ಮಾಡಬೇಕೆಂದಿರುವಾಗ, ಅಷ್ಟರಲ್ಲಿ ಖಾತೆದಾರನು ಸಮುದ್ರ ದಾಟಿ ಹೋಗಿದ್ದರೆ ಗತಿಯೇನು? ಅವನಿರುವ ಊರಿನಲ್ಲಿ ಆ ಸರ್ಕಾರದ ಅಮಲ್ದಾರನಿಲ್ಲ, ನೋಟೀಸು ನಡೆಯುವುದಿಲ್ಲ. ಆದರೆ ಹಣ ಇನ್ನೂ ತನ್ನ ನೆಲದಲ್ಲಿದೆ, ಅದನ್ನು ಹಿಡಿದಿರುವ ಸಂಸ್ಥೆಯೂ ತನ್ನ ಕಾನೂನಿಗೆ ಒಳಪಟ್ಟಿದೆ. ಮನುಷ್ಯನನ್ನು ಹಿಡಿಯಲಾಗದಿದ್ದರೂ ಹಣ ಕೊಡುವವನನ್ನು ಹಿಡಿಯಬಹುದು. ಮೂಲದಲ್ಲಿ ಮುರಿದುಕೊಳ್ಳುವುದರ ಹಿಂದಿರುವ ತರ್ಕವೆಲ್ಲ ಇಷ್ಟೆ.

ಈ ಉಪಾಯ ಅಮೆರಿಕದವರದಲ್ಲ. ನೆಪೋಲಿಯನ್ ಕಾಲದ ಯುದ್ಧವೆಚ್ಚಕ್ಕಾಗಿ ಇಂಗ್ಲೆಂಡಿನಲ್ಲಿ ಕಿರಿಯ ಪಿಟ್ 1799ರಲ್ಲಿ ವರಮಾನ ತೆರಿಗೆಯನ್ನು ವಿಧಿಸಿದನು. ಪ್ರತಿಯೊಬ್ಬನೂ ತನ್ನ ವರಮಾನವನ್ನು ತಾನೇ ಘೋಷಿಸಬೇಕಾಗಿತ್ತು. ಹತ್ತು ದಶಲಕ್ಷ ಪೌಂಡು ಬರಬಹುದೆಂದು ಪಿಟ್ ಎಣಿಸಿದ್ದರೆ, ಬಂದುದು ಸುಮಾರು ಆರು ದಶಲಕ್ಷ. 1803ರಲ್ಲಿ ಅಡಿಂಗ್ಟನ್ನನು ಪದ್ಧತಿಯನ್ನೇ ತಿರುಗಿಸಿದನು. ಗೇಣಿ, ಬಡ್ಡಿ, ಸಂಬಳ ಮುಂತಾದವನ್ನು ಬೇರೆ ಬೇರೆ ಪಟ್ಟಿಗಳಾಗಿ ವಿಂಗಡಿಸಿ, ಅವುಗಳಲ್ಲಿ ಸಾಧ್ಯವಾದೆಡೆಯಲ್ಲೆಲ್ಲ ಹಣ ಕೊಡುವವನೇ ತೆರಿಗೆ ಮುರಿದು ಉಳಿದುದನ್ನು ಕೊಡಬೇಕೆಂದು ವಿಧಿಸಿದನು. ತೆರಿಗೆಯ ದರವನ್ನು ನೂರಕ್ಕೆ ಹತ್ತರಿಂದ ಐದಕ್ಕೆ ಇಳಿಸಿದರೂ ಹುಟ್ಟುವಳಿ ಅರ್ಧಕ್ಕೆ ಇಳಿಯಲಿಲ್ಲ, ಹಿಂದಿನದಕ್ಕೆ ಹತ್ತಿರವಾಗಿಯೇ ನಿಂತಿತು. ಜನರ ಪ್ರಾಮಾಣಿಕತೆಯನ್ನು ನಂಬುವುದಕ್ಕಿಂತ ಹಣ ಹರಿಯುವ ಕಾಲುವೆಗೆ ತೂಬಿಡುವುದು ಲಾಭಕರವೆಂಬುದನ್ನು ಆಡಳಿತಗಾರರು ಅಂದು ಕಂಡುಕೊಂಡರು.

ಅಮೆರಿಕವು ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಸರ್ಕಾರೀ ನೌಕರರ ಸಂಬಳದ ಮೇಲೆ ಇದನ್ನು ಪ್ರಯೋಗಿಸಿತು. ಸಂವಿಧಾನದ ಹದಿನಾರನೆಯ ತಿದ್ದುಪಡಿಯಾದ ಮೇಲೆ 1913ರ ಕಾಯಿದೆಯಲ್ಲಿ ಮುರಿತದ ಪದ್ಧತಿ ಮತ್ತೆ ಬಂದಿತು. ಸಂಬಳ ಕೊಡುವವರೂ ಬ್ಯಾಂಕಿನವರೂ ಗೊಣಗಿದರು. 1917ರಲ್ಲಿ ಕಾಂಗ್ರೆಸ್ಸು ಅದನ್ನು ರದ್ದುಮಾಡಿ, ಕೊಟ್ಟ ಹಣದ ವರದಿಯನ್ನು ಮಾತ್ರ ಒಪ್ಪಿಸಿದರೆ ಸಾಕೆಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರದ್ದಾದುದು ಸ್ವದೇಶದ ನಿವಾಸಿಗಳ ಪಾಲಿಗೆ, ಅನಿವಾಸಿಗಳ ಪಾಲಿಗೆ ಅದು ಉಳಿಯಿತು. ಊರಿನವನನ್ನು ನಂಬಬಹುದು, ಏಕೆಂದರೆ ಅವನ ಮನೆಯ ಬಾಗಿಲು ಗೊತ್ತು, ದೂರದವನನ್ನು ನಂಬುವಂತಿಲ್ಲ. ಸ್ವದೇಶಿಗಳ ಸಂಬಳದಿಂದ ಮುರಿಯುವ ವಾಡಿಕೆ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಪುನಃ ಜಾರಿಗೆ ಬಂದಿತು. ಅನಿವಾಸಿಗಳಿಗಂತೂ ಅದು ನಡುವೆ ನಿಂತೇ ಇರಲಿಲ್ಲ.

ದರದ ಕಥೆಯೂ ಯುದ್ಧದ ಕಥೆಯೇ. ಅಮೆರಿಕದಲ್ಲಿ ವ್ಯಾಪಾರ ವ್ಯವಹಾರವಿಲ್ಲದ ಅನಿವಾಸಿಯು ಲೆಕ್ಕಪತ್ರ ಒಪ್ಪಿಸುವ ತಾಪತ್ರಯವಿಲ್ಲದೆ ಒಂದೇ ದರದಲ್ಲಿ ತೆರಿಗೆ ತೆತ್ತು ಮುಗಿಸಲೆಂದು 1936ರ ಕಾಯಿದೆ ನೂರಕ್ಕೆ ಹತ್ತನ್ನು ಗೊತ್ತುಮಾಡಿತು. ಯುದ್ಧ ಹತ್ತಿರ ಬಂದಂತೆ ಅದು ಏರಿ, 1941ರಲ್ಲಿ ಇಪ್ಪತ್ತೇಳೂವರೆಯಾಗಿ, 1942ರಲ್ಲಿ ಮೂವತ್ತಾಯಿತು. ಯುದ್ಧ ಮುಗಿಯಿತು, ಸ್ವದೇಶಿಗಳ ತೆರಿಗೆಯ ಮೆಟ್ಟಿಲುಗಳು ಎಷ್ಟೋ ಸಲ ಏರಿ ಇಳಿದವು. ಅನಿವಾಸಿಯ ಮೂವತ್ತು ಮಾತ್ರ ಅಲ್ಲಿಯೇ ನಿಂತಿದೆ. ಮತದಾನದ ಹಕ್ಕಿಲ್ಲದವರ ಮೇಲಿನ ತೆರಿಗೆಯನ್ನು ಇಳಿಸಬೇಕೆಂಬ ಆತುರ ಯಾವ ಶಾಸನಸಭೆಗೂ ಇರುವುದಿಲ್ಲವಷ್ಟೆ. ನಮ್ಮ ಹಿರಿಯರ ಕಾಗದದಲ್ಲಿದ್ದ ಮೂರು ಸಾವಿರ ಡಾಲರು 1942ರ ಯುದ್ಧಕಾಲದ ದರದ ಫಲ.

ಇನ್ನು ಎರಡನೆಯ ಪ್ರಶ್ನೆ: ದುಡಿದುದು ಒಂದು ದೇಶದಲ್ಲಿ, ಉಣ್ಣುವುದು ಇನ್ನೊಂದು ದೇಶದಲ್ಲಿ ಎಂದಾದರೆ ವಿಶ್ರಾಂತಿವೇತನದ ಮೇಲೆ ಹಕ್ಕು ಯಾರದು? ಮೊದಲನೆಯ ಮಹಾಯುದ್ಧದ ತರುವಾಯ ಎಲ್ಲ ದೇಶಗಳಲ್ಲಿಯೂ ತೆರಿಗೆ ಏರಿದ್ದಾಗ ರಾಷ್ಟ್ರಸಂಘವು ಈ ಇಮ್ಮಡಿ ತೆರಿಗೆಯ ಸಮಸ್ಯೆಯನ್ನು ನಾಲ್ವರು ವಿದ್ವಾಂಸರಿಗೆ ಒಪ್ಪಿಸಿತು. ರಾಟರ್‌ಡ್ಯಾಮಿನ ಬ್ರೂಯಿನ್ಸ್, ಟ್ಯೂರಿನ್ನಿನ ಐನೌದಿ, ಕೊಲಂಬಿಯದ ಸೆಲಿಗ್ಮನ್, ಲಂಡನ್ನಿನ ಸರ್ ಜೋಸಯಾ ಸ್ಟ್ಯಾಂಪ್, ಇವರು 1923ರಲ್ಲಿ ತಮ್ಮ ವರದಿಯನ್ನು ಕೊಟ್ಟರು. ವ್ಯಕ್ತಿಯ ಆರ್ಥಿಕ ನಿಷ್ಠೆ ಯಾವ ನೆಲಕ್ಕೆ ಎಷ್ಟು ಸೇರಿದೆ ಎಂದು ತೂಗಿನೋಡಬೇಕೆಂಬುದು ಅವರ ವಾದದ ತಿರುಳು. ಮುಂದೆ 1963ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಪ್ರಕಟಿಸಿದ ಮಾದರಿ ಒಡಂಬಡಿಕೆಯ ಹದಿನೆಂಟನೆಯ ಅನುಚ್ಛೇದವು ಖಾಸಗಿ ನೌಕರಿಯ ವಿಶ್ರಾಂತಿವೇತನವನ್ನು ವಾಸದ ದೇಶಕ್ಕೆ ಪೂರ್ತಿಯಾಗಿ ಬಿಟ್ಟುಕೊಟ್ಟಿತು. ಇಳಿವಯಸ್ಸಿನಲ್ಲಿ ರಸ್ತೆ, ಆಸ್ಪತ್ರೆ, ರಕ್ಷಣೆ ಎಲ್ಲವನ್ನೂ ಒದಗಿಸುವುದು ವಾಸದ ದೇಶ; ಆ ವ್ಯಕ್ತಿಯ ಒಟ್ಟು ಸ್ಥಿತಿಯನ್ನು ಅಳೆದು ತಕ್ಕ ದರ ಹಾಕಬಲ್ಲದೂ ಅದೇ. ಹಿಂದುಳಿದ ದೇಶಗಳಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. 1980ರ ವಿಶ್ವಸಂಸ್ಥೆಯ ಮಾದರಿಯಲ್ಲಿ ಪರ್ಯಾಯವೊಂದನ್ನು ಇಟ್ಟು, ಹಣ ಹೊರಡುವ ದೇಶವೂ ತೆರಿಗೆ ಹಾಕಬಹುದೆಂದು ಹೇಳಲಾಯಿತು.

ಭಾರತದ ಇತಿಹಾಸವನ್ನು ಓದಿದವರಿಗೆ ಈ ವಾದ ಹೊಸದಾಗಿ ಕೇಳಿಸದು. ಬ್ರಿಟಿಷ್ ಆಳ್ವಿಕೆಯಲ್ಲಿ ಇಲ್ಲಿ ಅಧಿಕಾರ ನಡೆಸಿ ಇಂಗ್ಲೆಂಡಿಗೆ ಮರಳಿದವರ ವಿಶ್ರಾಂತಿವೇತನವು ಹೋಮ್ ಚಾರ್ಜಸ್ ಎಂಬ ಬಾಬಿನಲ್ಲಿ ಪ್ರತಿವರ್ಷವೂ ಲಂಡನ್ನಿಗೆ ಹೋಗುತ್ತಿತ್ತು. ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯೆಂದು ಕರೆದುದರಲ್ಲಿ ಇದೂ ಒಂದು ದೊಡ್ಡ ಭಾಗ. ಸ್ವಾತಂತ್ರ್ಯ ಬಂದಮೇಲೂ ಆ ಋಣದ ಬಾಲ ಉಳಿದಿತ್ತು. ನಮ್ಮ 1961ರ ವರಮಾನ ತೆರಿಗೆ ಕಾಯಿದೆಯ ಒಂಬತ್ತನೆಯ ಕಲಮಿನ ಎರಡನೆಯ ಉಪಕಲಮನ್ನು ಕುತೂಹಲಿಗಳು ತೆರೆದು ನೋಡಬೇಕು. ಸಂವಿಧಾನದ 314ನೆಯ ಅನುಚ್ಛೇದದಲ್ಲಿ ಹೇಳಿರುವವರು, ಎಂದರೆ ವಿಲಾಯತಿಯ ಭಾರತ ಮಂತ್ರಿಯಿಂದ ನೇಮಕವಾಗಿದ್ದ ಅಧಿಕಾರಿಗಳು, ಹಾಗೂ 1947ರ ಆಗಸ್ಟ್ 15ಕ್ಕೆ ಮೊದಲೇ ನೇಮಕವಾಗಿ ಸಂವಿಧಾನ ಜಾರಿಗೆ ಬಂದ ಮೇಲೂ ಮುಂದುವರಿದ ಕೆಲವು ನ್ಯಾಯಾಧೀಶರು ಭಾರತದ ಹೊರಗೆ ಖಾಯಮ್ಮಾಗಿ ನೆಲಸಿ ಅಲ್ಲಿಯೇ ಪಡೆಯುವ ವಿಶ್ರಾಂತಿವೇತನವು ಭಾರತದಲ್ಲಿ ಹುಟ್ಟಿದ ವರಮಾನವೆಂದು ಭಾವಿಸತಕ್ಕುದಲ್ಲ ಎಂದು ಅದು ಹೇಳುತ್ತದೆ. 314ನೆಯ ಅನುಚ್ಛೇದವನ್ನು 1972ರ ಇಪ್ಪತ್ತೆಂಟನೆಯ ತಿದ್ದುಪಡಿಯು ತೆಗೆದುಹಾಕಿತು. ಆದರೂ 1961ರ ಕಾಯಿದೆಯಲ್ಲಿ ಅದನ್ನು ಹೆಸರಿಸುವ ಈ ಮಾತು ಹಾಗೆಯೇ ನಿಂತಿತು. ಅಂದು ಗಡಿಯಾಚೆಗೆ ಹರಿದ ವಿಶ್ರಾಂತಿವೇತನದ ಮೇಲಣ ಹಕ್ಕನ್ನು ಬಿಟ್ಟುಕೊಟ್ಟ ದೇಶ ಇಂದು ಅಂಥ ಹಣವನ್ನು ಒಳಗೆ ಬರಮಾಡಿಕೊಳ್ಳುವ ದೇಶವೂ ಆಗಿದೆ. ಶ್ರೀಮಂತ ರಾಷ್ಟ್ರಗಳು ರೂಪಿಸಿದ ವಾಸದ ನಿಯಮ ಬೆಂಗಳೂರು ಮೈಸೂರುಗಳ ಹಿಂದಿರುಗಿದ ಇಂಜಿನಿಯರರ ವಿಷಯದಲ್ಲಿ ಭಾರತದ ಬೊಕ್ಕಸಕ್ಕೇ ಅನುಕೂಲವಾಗಿರುವುದು ಚರಿತ್ರೆಯ ಒಂದು ವಿನೋದ.

ಭಾರತ ಅಮೆರಿಕಗಳ ಒಡಂಬಡಿಕೆಗೆ 1989ರ ಸೆಪ್ಟೆಂಬರ್ 12ರಂದು ದೆಹಲಿಯಲ್ಲಿ ಸಹಿ ಬಿದ್ದಿತು. 1990ರ ಡಿಸೆಂಬರ್ 18ರಿಂದ ಅದು ಊರ್ಜಿತವಾಯಿತು. ನಮಗೆ ಬೇಕಾದುದು ಅದರ ಇಪ್ಪತ್ತನೆಯ ಅನುಚ್ಛೇದ. ಒಂದು ದೇಶದ ನಿವಾಸಿಯು ಇನ್ನೊಂದು ದೇಶದಿಂದ ಪಡೆಯುವ ಖಾಸಗಿ ವಿಶ್ರಾಂತಿವೇತನಕ್ಕೆ ವಾಸದ ದೇಶವೊಂದೇ ತೆರಿಗೆ ಹಾಕಬಹುದೆಂಬುದು ಅದರ ಮೊದಲ ಮಾತು. ಹಾಗಾದರೆ ಮೈಸೂರಿನ ನಿವಾಸಿಯಿಂದ ಅಮೆರಿಕಕ್ಕೆ ಸಲ್ಲಬೇಕಾದುದು ಸೊನ್ನೆ. ಆದರೆ ಅದೇ ಅನುಚ್ಛೇದ ಮುಂದೆ ವಿಶ್ರಾಂತಿವೇತನವೆಂದರೇನೆಂದು ಅರ್ಥ ಹೇಳುತ್ತದೆ: ಹಿಂದೆ ಸಲ್ಲಿಸಿದ ಸೇವೆಗಾಗಿ, ಅಥವಾ ಸೇವೆಯಲ್ಲಿ ಆದ ಗಾಯಕ್ಕೆ ಪರಿಹಾರವಾಗಿ, ನಿಯತಕಾಲಿಕವಾಗಿ ಕೊಡುವ ಹಣ.

ನಿಯತಕಾಲಿಕ ಎಂಬ ಈ ಒಂದು ಮಾತಿನ ಮೇಲೆ ಎಷ್ಟೋ ಮಂದಿಯ ಉಳಿತಾಯ ನಿಂತಿದೆ. ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಗೊತ್ತಾದ ಕ್ರಮದಲ್ಲಿ ಹಣ ತೆಗೆಯುವವನು ಈ ಅರ್ಥದೊಳಗೆ ಬರುತ್ತಾನೆ. ಊರಿಗೆ ಮರಳಿದೆವು, ಇನ್ನು ಅಲ್ಲಿಯ ಲೇವಾದೇವಿ ಯಾಕೆ ಎಂದು ಖಾತೆಯನ್ನು ಮುಚ್ಚಿ ಇಡಿಗಂಟನ್ನು ಒಮ್ಮೆಗೇ ತೆಗೆಯುವವನು ಇದರೊಳಗೆ ಬರುತ್ತಾನೆಂದು ಹೇಳುವುದು ಕಷ್ಟ. ಇಡಿಗಂಟು ವಿಶ್ರಾಂತಿವೇತನವಲ್ಲವೆಂದಾದರೆ ಅದು ಇಪ್ಪತ್ತಮೂರನೆಯ ಅನುಚ್ಛೇದದ ಇತರ ವರಮಾನಕ್ಕೆ ಸೇರುತ್ತದೆ, ಅಲ್ಲಿ ಹಣ ಹುಟ್ಟುವ ದೇಶಕ್ಕೂ ತೆರಿಗೆ ಹಾಕುವ ಹಕ್ಕನ್ನು ಉಳಿಸಲಾಗಿದೆ. ಆಗ ಅಮೆರಿಕದ ತೆರಿಗೆ ನಿಲ್ಲುತ್ತದೆ, ಭಾರತವು ತನ್ನ ತೆರಿಗೆಯಲ್ಲಿ ಅದಕ್ಕೆ ವಜಾ ಕೊಡಬೇಕಾಗುತ್ತದೆ. ಕೆಲಸ ಕೊಟ್ಟವರ ಮೂಲಕವಲ್ಲದೆ ವ್ಯಕ್ತಿ ತಾನೇ ಹಣ ಕಟ್ಟಿದ ಐ.ಆರ್.ಎ. ಖಾತೆಯನ್ನು ಹಿಂದಿನ ಸೇವೆಗೆ ಪ್ರತಿಫಲವೆನ್ನಬಹುದೇ ಎಂಬ ವಾದಕ್ಕೂ ಎಡೆಯಿದೆ. ನನ್ನ ಅಭಿಪ್ರಾಯದಲ್ಲಿ ಒಡಂಬಡಿಕೆಯ ಕರ್ತರ ಕಣ್ಣಮುಂದೆ ಇದ್ದುದು ಹಳೆಯ ಮಾದರಿಯ ಮಾಸಿಕ ವೇತನ. ಬೇಕಾದಾಗ ಬೇಕಾದಷ್ಟು ತೆಗೆಯುವ ಖಾತೆಗಳು 1989ರ ಹೊತ್ತಿಗೆ ಬಳಕೆಯಲ್ಲಿದ್ದರೂ ಪಠ್ಯದ ಭಾಷೆ ಅವುಗಳನ್ನು ಹಿಂಬಾಲಿಸಲಿಲ್ಲ.

ಎಲ್ಲ ವೃದ್ಧಾಪ್ಯದ ಹಣಕ್ಕೂ ವಾಸದ ನಿಯಮ ಅನ್ವಯಿಸುವುದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕ ಸರ್ಕಾರವೇ ಕೊಡುವ ಸೋಷಿಯಲ್ ಸೆಕ್ಯುರಿಟಿ ಹಣವನ್ನು ಅದೇ ಇಪ್ಪತ್ತನೆಯ ಅನುಚ್ಛೇದದ ಎರಡನೆಯ ಖಂಡವು ಕೊಡುವ ದೇಶಕ್ಕೆ ಮಾತ್ರ ಬಿಟ್ಟಿದೆ. ಅನಿವಾಸಿಗೆ ಅದರ ನೂರಕ್ಕೆ ಎಂಬತ್ತೈದು ಭಾಗದ ಮೇಲೆ ಮೂವತ್ತರ ದರ, ಅಂದರೆ ಒಟ್ಟು ಹಣದಲ್ಲಿ ಇಪ್ಪತ್ತೈದೂವರೆ, ಮುರಿಯುತ್ತಾರೆ. ಇದಕ್ಕೆ ಭಾರತದಲ್ಲಿ ತೆರಿಗೆಯಿಲ್ಲ. ಸರ್ಕಾರೀ ನೌಕರಿಯ ವಿಶ್ರಾಂತಿವೇತನಕ್ಕೆ ಹತ್ತೊಂಬತ್ತನೆಯ ಅನುಚ್ಛೇದ ಬೇರೆ.

ಮೇಲಿನದೆಲ್ಲ ಹಕ್ಕಿನ ಮಾತಾಯಿತು. ವ್ಯವಹಾರದಲ್ಲಿ ಆಗುವುದೇನು? ಖಾತೆಯನ್ನು ನೋಡಿಕೊಳ್ಳುವ ಸಂಸ್ಥೆಗೆ ಒಡಂಬಡಿಕೆಯ ಅರ್ಥವಿಚಾರ ಬೇಕಿಲ್ಲ. ಮುರಿಯಬೇಕಾದುದನ್ನು ಮುರಿಯದಿದ್ದರೆ ಆ ಹಣಕ್ಕೆ ತಾನೇ ಹೊಣೆಯಾಗಬೇಕಾದುದರಿಂದ, ಸಂದೇಹ ಬಂದಲ್ಲೆಲ್ಲ ಅದು ಮೂವತ್ತನ್ನು ಮುರಿಯುತ್ತದೆ. ಇದನ್ನು ತಪ್ಪಿಸಬೇಕಾದರೆ ಹಣ ತೆಗೆಯುವುದಕ್ಕೆ ಮುಂಚೆಯೇ ಖಾತೆದಾರನು ಡಬ್ಲ್ಯು-8 ಬೆನ್ ಎಂಬ ನಮೂನೆಯನ್ನು ತುಂಬಿ ಒಪ್ಪಿಸಬೇಕು. ತಾನು ಅಮೆರಿಕದವನಲ್ಲ, ಭಾರತದ ನಿವಾಸಿ, ಇಂಥ ಅನುಚ್ಛೇದದಂತೆ ಇಂಥ ದರ ಸಲ್ಲಬೇಕು ಎಂದು ಅದರಲ್ಲಿ ಘೋಷಿಸಿ, ಅಲ್ಲಿ ದುಡಿಯುವಾಗ ಪಡೆದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕೊಡಬೇಕು. ಸಾಮಾನ್ಯವಾಗಿ ಇದರ ಆಯುಸ್ಸು ಸಹಿ ಹಾಕಿದ ವರ್ಷದ ಮುಂದಿನ ಮೂರನೆಯ ವರ್ಷದ ಕೊನೆಯವರೆಗೆ ಮಾತ್ರ. ಅದು ತೀರಿದುದನ್ನು ಮರೆತವರಿಗೆ ನಾಲ್ಕನೆಯ ವರ್ಷ ಥಟ್ಟನೆ ಮೂವತ್ತರ ಮುರಿತ ಎದುರಾಗುತ್ತದೆ.

ಮುರಿದುದಾದ ಮೇಲೂ ದಾರಿ ಮುಚ್ಚಿಲ್ಲ. ವರ್ಷ ಮುಗಿದ ಮೇಲೆ ಸಂಸ್ಥೆ 1042-ಎಸ್ ಎಂಬ ಪತ್ರವನ್ನು ಕಳುಹಿಸುತ್ತದೆ. ನಮ್ಮ ಹಿರಿಯರು ತಂದಿದ್ದ ಕಾಗದ ಅದೇ. ಕೊಟ್ಟ ಹಣ, ದರ, ಮುರಿದ ಮೊತ್ತ ಅದರಲ್ಲಿರುತ್ತವೆ. ಅದನ್ನು ಆಧಾರವಾಗಿಟ್ಟುಕೊಂಡು 1040-ಎನ್‌ಆರ್ ಎಂಬ ಅನಿವಾಸಿಯ ಲೆಕ್ಕಪತ್ರವನ್ನು ಅಮೆರಿಕದ ತೆರಿಗೆ ಇಲಾಖೆಗೆ ಒಪ್ಪಿಸಿ ಹೆಚ್ಚಾದುದನ್ನು ವಾಪಸು ಕೇಳಬಹುದು. ಲೆಕ್ಕಪತ್ರ ಒಪ್ಪಿಸಿದಂದಿನಿಂದ ಮೂರು ವರ್ಷ, ಅಥವಾ ತೆರಿಗೆ ಸಂದಾಯವಾದಂದಿನಿಂದ ಎರಡು ವರ್ಷ, ಇವುಗಳಲ್ಲಿ ಯಾವುದು ಮುಂದಿನದೋ ಅದು ಸಾಮಾನ್ಯ ವಾಯಿದೆ. ಇನ್ನೊಂದು ಅಂಶ ಬಹುಮಂದಿಗೆ ತಿಳಿಯದು. ಒಡಂಬಡಿಕೆಯ ಆಶ್ರಯ ದೊರೆಯದ ಇಡಿಗಂಟಿನಲ್ಲಿಯೂ, 1986ರ ನಂತರ ಅಮೆರಿಕದಲ್ಲಿ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕೂಡಿಬಂದ ಭಾಗವನ್ನು ಆ ದೇಶದ ಕಾಯಿದೆ ಅಲ್ಲಿಯ ವೃತ್ತಿಯ ವರಮಾನವೆಂದೇ ಎಣಿಸುತ್ತದೆ. ಅದಕ್ಕೆ ಹತ್ತರಿಂದ ಮೊದಲಾಗುವ ಮೆಟ್ಟಿಲಿನ ದರಗಳು ಸಲ್ಲುತ್ತವೆ, ಖಾತೆಯಲ್ಲಿ ಬೆಳೆದ ಲಾಭದ ಭಾಗಕ್ಕೆ ಮಾತ್ರ ಮೂವತ್ತು. ಹೀಗಾಗಿ ಕೆಟ್ಟ ಪಕ್ಷದಲ್ಲಿಯೂ ಮುರಿದುದೆಲ್ಲ ಸಂದ ತೆರಿಗೆಯೆಂದು ತಿಳಿಯುವುದಕ್ಕೆ ಕಾರಣವಿಲ್ಲ. ಲೆಕ್ಕಪತ್ರ ಒಪ್ಪಿಸದವನಿಗೆ ಮಾತ್ರ ಒತ್ತೆಯೇ ತೆರಿಗೆಯಾಗಿ ಮುಗಿಯುತ್ತದೆ.

ಅಲ್ಲಿ ಹೆಚ್ಚು ಹೋದರೇನು, ಇಲ್ಲಿಯ ತೆರಿಗೆಯಲ್ಲಿ ವಜಾ ಸಿಕ್ಕುವುದಲ್ಲ ಎಂದು ಕೆಲವರು ಸಮಾಧಾನ ಪಡುತ್ತಾರೆ. ಈ ಸಮಾಧಾನ ಎರಡು ಕಾರಣಗಳಿಂದ ನಿಲ್ಲದು. ಹಿರಿಯರ ಹತ್ತು ಸಾವಿರ ಡಾಲರನ್ನೇ ತೆಗೆದುಕೊಳ್ಳೋಣ. ಡಾಲರಿಗೆ 85 ರೂಪಾಯಿ ಹಿಡಿದರೆ ಎಂಟೂವರೆ ಲಕ್ಷ. 2025-26ರ ಸಾಲಿನ ಹೊಸ ದರಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ವರಮಾನವುಳ್ಳ ನಿವಾಸಿಗೆ ರಿಯಾಯಿತಿಯ ಫಲವಾಗಿ ತೆರಿಗೆ ಬೀಳುವುದಿಲ್ಲ. ಬೇರೆ ವರಮಾನವಿಲ್ಲದ ಆ ಹಿರಿಯರಿಂದ ಭಾರತಕ್ಕೆ ಸಲ್ಲಬೇಕಾದುದೂ ಸೊನ್ನೆ, ಸೊನ್ನೆಯಲ್ಲಿ ವಜಾ ಎಲ್ಲಿಂದ ಬರಬೇಕು? ಮುರಿದ ಎರಡೂವರೆ ಲಕ್ಷ ರೂಪಾಯಿ ಅವರು ಕೇಳಿದರೆ ಅಮೆರಿಕದಿಂದ ಬರಬೇಕು, ಕೇಳದಿದ್ದರೆ ಹೋದಂತೆಯೇ. ಎರಡನೆಯದಾಗಿ, ತೆರಿಗೆ ಬೀಳುವಷ್ಟು ವರಮಾನವಿರುವವರ ವಿಷಯ. 1961ರ ಕಾಯಿದೆಯ ನಿಯಮಗಳಲ್ಲಿ 128ನೆಯದು ಪರದೇಶದ ತೆರಿಗೆಗೆ ವಜಾ ಕೊಡುವ ಕ್ರಮವನ್ನು ಹೇಳುತ್ತ, ಒಡಂಬಡಿಕೆಯಂತೆ ಸಲ್ಲಬೇಕಾದುದಕ್ಕಿಂತ ಹೆಚ್ಚು ತೆರಿಗೆ ಅಲ್ಲಿ ಸಂದಿದ್ದರೆ ಆ ಹೆಚ್ಚಳವನ್ನು ಲೆಕ್ಕಕ್ಕೆ ಹಿಡಿಯತಕ್ಕುದಲ್ಲವೆಂದು ಸ್ಪಷ್ಟಪಡಿಸಿತು. ಅಮೆರಿಕದ ಸಂಸ್ಥೆ ಎಚ್ಚರಿಕೆಗೆಂದು ಮುರಿದುದಕ್ಕೆ ಭಾರತದ ಬೊಕ್ಕಸ ಪರಿಹಾರ ಕೊಡುವುದಿಲ್ಲ. ಈ ನಿಲುವು ಕಠಿನವೆನಿಸಿದರೂ ನ್ಯಾಯವಾದುದೇ. ಇಲ್ಲವಾದರೆ ಒಡಂಬಡಿಕೆಯಲ್ಲಿ ಭಾರತ ಗಳಿಸಿದ ಹಕ್ಕನ್ನು ಹಿಂಬಾಗಿಲಿನಿಂದ ಹಿಂದಿರುಗಿಸಿದಂತಾಗುತ್ತಿತ್ತು.

ಭಾರತದ ಕಡೆಯಲ್ಲಿ ಬಹುಕಾಲ ಇನ್ನೊಂದು ತೊಡಕಿದ್ದಿತು. ಅಮೆರಿಕ ತೆಗೆಯುವಾಗ ತೆರಿಗೆ ಹಾಕಿದರೆ, ಭಾರತವು ನಿವಾಸಿಯ ಖಾತೆಯಲ್ಲಿ ವರ್ಷ ವರ್ಷ ಬೆಳೆದ ಲಾಭಕ್ಕೇ ಆಯಾ ವರ್ಷ ತೆರಿಗೆ ಕೇಳಬಹುದಾಗಿತ್ತು. ಒಂದೇ ಹಣಕ್ಕೆ ಒಂದು ದೇಶ ಇಂದು, ಇನ್ನೊಂದು ದೇಶ ಹತ್ತು ವರ್ಷಗಳ ಮೇಲೆ ತೆರಿಗೆ ಹಾಕಿದರೆ ಒಂದರಲ್ಲಿ ಇನ್ನೊಂದನ್ನು ವಜಾಮಾಡುವುದು ಹೇಗೆ? 2021ರ ಹಣಕಾಸು ಕಾಯಿದೆಯಿಂದ ಸೇರಿದ 89ಎ ಕಲಮು ಇದನ್ನು ಸರಿಪಡಿಸಿತು. ಅಮೆರಿಕ, ಬ್ರಿಟನ್, ಕೆನಡಾ ಈ ಮೂರು ದೇಶಗಳನ್ನು 2022ರ ಏಪ್ರಿಲಿನಲ್ಲಿ ಸರ್ಕಾರ ಅಧಿಸೂಚಿಸಿತು. ಅಲ್ಲಿಯ ನಿವಾಸಿಯಾಗಿದ್ದಾಗ ಖಾತೆ ತೆರೆದು ಹಿಂದಿರುಗಿದವನು ಗೊತ್ತಾದ ನಮೂನೆಯಲ್ಲಿ ಬೇಡಿಕೊಂಡರೆ, ಆ ದೇಶದಲ್ಲಿ ತೆಗೆಯುವಾಗ ತೆರಿಗೆಗೆ ಗುರಿಯಾಗುವ ವರ್ಷದಲ್ಲಿಯೇ ಇಲ್ಲಿಯೂ ಅದನ್ನು ವರಮಾನವೆಂದು ಎಣಿಸಲಾಗುತ್ತದೆ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿದ 2025ರ ಹೊಸ ಕಾಯಿದೆಯಲ್ಲಿಯೂ ಈ ಪರಿಹಾರವನ್ನು ಉಳಿಸಿಕೊಳ್ಳಲಾಗಿದೆ. ಒಡಂಬಡಿಕೆಯಂತೆ ಅಲ್ಲಿ ತೆರಿಗೆಯೇ ಬೀಳದಿರುವಾಗ ಗುರಿಯಾಗುವ ವರ್ಷವೆಂದರೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದಾದರೂ, ಅದರ ಬಿಡಿಸುವಿಕೆ ನ್ಯಾಯವಾದಿಗಳಿಗೆ ಸೇರಿದುದು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಇಲ್ಲಿ ಹೇಳಿದುದೆಲ್ಲ ಅಮೆರಿಕದ ದೃಷ್ಟಿಯಲ್ಲಿ ಅನಿವಾಸಿಯಾದ ಪರದೇಶೀಯನಿಗೆ ಸಂಬಂಧಿಸಿದುದು. ಅಲ್ಲಿಯ ಪೌರತ್ವ ಪಡೆದು ಮೈಸೂರಿನಲ್ಲಿ ನೆಲಸಿದವನು ಆ ದೇಶದ ತೆರಿಗೆಯಿಂದ ಬಿಡುಗಡೆ ಪಡೆಯುವುದಿಲ್ಲ. ತನ್ನ ಪೌರರ ಮೇಲೆ ಒಡಂಬಡಿಕೆ ಇಲ್ಲವೆಂಬಂತೆಯೇ ತೆರಿಗೆ ಹಾಕುವ ಹಕ್ಕನ್ನು ಅಮೆರಿಕವು ಮೊದಲನೆಯ ಅನುಚ್ಛೇದದಲ್ಲಿಯೇ ಕಾಯ್ದಿರಿಸಿಕೊಂಡಿದೆ. ಹಸಿರು ಚೀಟಿಯನ್ನು ವಿಧಿವತ್ತಾಗಿ ಹಿಂದಿರುಗಿಸದೆ ಪೆಟ್ಟಿಗೆಯಲ್ಲಿಟ್ಟುಕೊಂಡಿರುವವರನ್ನೂ ಆ ದೇಶದ ಕಾಯಿದೆ ತನ್ನ ನಿವಾಸಿಗಳೆಂದೇ ಎಣಿಸುತ್ತದೆ. ಇಂಥವರು ಡಬ್ಲ್ಯು-8 ಬೆನ್ ನಮೂನೆಗೆ ಸಹಿ ಹಾಕಿದರೆ ಅದು ಸುಳ್ಳು ಘೋಷಣೆಯಾಗುತ್ತದೆ. ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲೇ ತೆಗೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತೆರಿಗೆಗೆ ಒಳಪಡುವ ಭಾಗದ ಮೇಲೆ ನೂರಕ್ಕೆ ಹತ್ತರ ಹೆಚ್ಚುವರಿ ತೆರಿಗೆಯೂ ಉಂಟು.

ಪರದೇಶವೊಂದೇ ಅನಿವಾಸಿಯನ್ನು ಹೀಗೆ ಸಂದೇಹದಿಂದ ನೋಡುತ್ತದೆಂದು ದೂರುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಊರಿನ ಬ್ಯಾಂಕಿನಲ್ಲಿ ಅನಿವಾಸಿ ಸಾಮಾನ್ಯ ಖಾತೆಯನ್ನಿಟ್ಟಿರುವ, ಅಮೆರಿಕದಲ್ಲಿಯೋ ದುಬೈಯಲ್ಲಿಯೋ ಇರುವ ಕನ್ನಡಿಗನ ಬಡ್ಡಿಯಲ್ಲಿ ನಮ್ಮ ಬ್ಯಾಂಕುಗಳು ನೂರಕ್ಕೆ ಮೂವತ್ತನ್ನೂ ಅದರ ಮೇಲೆ ಸೆಸ್ಸನ್ನೂ ಮುರಿಯುತ್ತವೆ. ಅದೇ ಬೀದಿಯ ನಿವಾಸಿಯ ಠೇವಣಿ ಬಡ್ಡಿಗೆ ಮುರಿತ ಹತ್ತು ಮಾತ್ರ, ಅದೂ ಗೊತ್ತಾದ ಮಿತಿ ಮೀರಿದ ಮೇಲೆ. ಅನಿವಾಸಿಯ ನಿಜವಾದ ತೆರಿಗೆ ಅಷ್ಟಿಲ್ಲದಿದ್ದರೆ ಅವನೂ ಲೆಕ್ಕಪತ್ರ ಒಪ್ಪಿಸಿ ವಾಪಸು ಕೇಳಬೇಕು, ಅವನೂ ನಿವಾಸದ ಪ್ರಮಾಣಪತ್ರವನ್ನು ತರಬೇಕು. ಅಡಿಂಗ್ಟನ್ನನ ತೂಬು ಇಲ್ಲಿಯೂ ಅದೇ ಕೆಲಸವನ್ನು ಮಾಡುತ್ತಿದೆ.

ನಮ್ಮ ಹಿರಿಯರು ಅಮೆರಿಕದ ಪೌರತ್ವ ಪಡೆದವರಲ್ಲ, ಹಸಿರು ಚೀಟಿಯನ್ನು ಹಿಂದಿರುಗುವ ಮೊದಲೇ ಒಪ್ಪಿಸಿದ್ದರು. ಪ್ರತಿ ಜನವರಿಯಲ್ಲಿ ಒಂದು ಕಂತಿನಂತೆ ಹಣ ತೆಗೆಯುವ ಏರ್ಪಾಡನ್ನು ಅವರು ಮಾಡಿಕೊಂಡಿರುವುದರಿಂದ ನಿಯತಕಾಲಿಕ ಎಂಬ ಮಾತು ಅವರ ಪರವಾಗಿದೆ. ಲೆಕ್ಕಿಗರೊಬ್ಬರ ನೆರವಿನಿಂದ ಕಳೆದ ವರ್ಷದ ಮೂರು ಸಾವಿರಕ್ಕೆ 1040-ಎನ್‌ಆರ್ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಮುಂದಿನ ಕಂತಿಗೆ ಮೊದಲು ಹೊಸ ನಮೂನೆಯೂ ಸಂಸ್ಥೆಗೆ ಸೇರಿದೆ. ಅದರ ಆಯುಸ್ಸು ತೀರುವ ದಿನಾಂಕವನ್ನು ಅವರು ಗೋಡೆಯ ಪಂಚಾಂಗದ ಹಿಂಬದಿಯಲ್ಲಿ, ಮನೆ ಕಂದಾಯ ಕಟ್ಟುವ ದಿನಾಂಕದ ಕೆಳಗೆ, ಕೆಂಪು ಮಸಿಯಲ್ಲಿ ಬರೆದಿಟ್ಟಿದ್ದಾರೆ.